ಪರನಾಡಿನಲ್ಲಿ ಗ್ರಾಮಸೇವೆ: ಅದರ ನಿತ್ಯಜೀವನ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೊಂದು ದೇಶದಿಂದ ಬಂದವನು ಎಂಬುದು ಅದರ ಶಬ್ದಾರ್ಥ. ದಿಕ್ಕಿಲ್ಲದವನು, ಹಿಂದುಮುಂದಿಲ್ಲದವನು ಎಂಬುದು ರೂಢಾರ್ಥ. ತಾಯಿತಂದೆಗಳನ್ನು ಕಳೆದುಕೊಂಡ ಮಗುವನ್ನು ಕಂಡು ಹಳ್ಳಿಯ ಮುದುಕಿಯು ‘ಪಾಪ, ಪರದೇಶಿ ಕೂಸು’ ಎಂದು ಮರುಗುವಾಗ, ಆ ಕೂಸು ಅದೇ ಊರಿನಲ್ಲಿ, ಅದೇ ಕೇರಿಯಲ್ಲಿ ಹುಟ್ಟಿದ್ದಾಗಿರಬಹುದು. ಆದರೂ ಆ ಮಾತು ಅಲ್ಲಿಗೆ ಸಲ್ಲುತ್ತದೆ. ಭಾಷೆಯು ಈ ಎರಡು ಅರ್ಥಗಳನ್ನು ಒಂದೇ ಶಬ್ದದಲ್ಲಿ ಹೆಣೆದಿರುವುದರಲ್ಲಿ ಲೋಕಾನುಭವವಿದೆ. ತನ್ನ ನೆಲ, ತನ್ನ ಮಾತು, ತನ್ನ ಅನ್ನ, ತನ್ನ ಜನ ಎಂಬ ನಾಲ್ಕನ್ನೂ ಬಿಟ್ಟು ಬಂದವನು, ಅವನ ಕಿಸೆಯಲ್ಲಿ ಎಷ್ಟೇ ಹಣವಿರಲಿ, ತಲೆಯಲ್ಲಿ ಎಷ್ಟೇ ವಿದ್ಯೆಯಿರಲಿ, ಮೊದಲ ಕೆಲವು ತಿಂಗಳುಗಳ ಮಟ್ಟಿಗೆ ಅನಾಥನೇ ಸರಿ.

ಪರದೇಶಿಗೆ ನಮ್ಮ ಜನ ಕೊಡುವ ಇನ್ನೊಂದು ಹೆಸರು ‘ಅತಿಥಿ’. ತಿಥಿಯ ಕಟ್ಟಿಲ್ಲದೆ ಬರುವವನು ಅತಿಥಿ ಎಂದು ಪ್ರಾಚೀನರು ಈ ಪದವನ್ನು ಬಿಡಿಸಿದ್ದಾರೆ. ಅತಿಥಿಗೆ ಉಪಚಾರವುಂಟು, ಆದರೆ ಉಪಚಾರವಿರುವಲ್ಲಿ ಒಂದು ದೂರವೂ ಉಂಟು. ಅತಿಥಿಯ ಮುಂದೆ ಮನೆಯವರು ಜಗಳವಾಡುವುದಿಲ್ಲ, ಸಾಲದ ಮಾತನ್ನು ಎತ್ತುವುದಿಲ್ಲ, ಅವನ ತಪ್ಪನ್ನು ಅವನಿಗೆ ಹೇಳುವುದಿಲ್ಲ. ಇದಕ್ಕೂ ಮುಂದಿನ ಮೆಟ್ಟಿಲು ‘ನೆರೆಯವನು’ ಎಂಬುದು. ಪರದೇಶಿಯಾಗಿ ಬಂದು, ಅತಿಥಿಯಾಗಿ ಉಪಚರಿಸಲ್ಪಟ್ಟು, ಕಡೆಗೆ ನೆರೆಯವನಾಗುವುದು. ಹೊರನಾಡಿನ ಹಳ್ಳಿಯೊಂದರಲ್ಲಿ ಗ್ರಾಮಾಭಿವೃದ್ಧಿಯ ಕೆಲಸಕ್ಕೆಂದು ನಿಯುಕ್ತನಾದವನ ನಿತ್ಯಜೀವನವೆಂದರೆ ಈ ಮೂರು ಮೆಟ್ಟಿಲುಗಳ ಏರಿಕೆಯೇ. ಅವನು ಮಾಡುವ ಕೆಲಸವು ನಿಲ್ಲುವುದೋ ಬೀಳುವುದೋ ಎಂಬುದು ಬಹುಮಟ್ಟಿಗೆ ಈ ಏರಿಕೆಯನ್ನೇ ಅವಲಂಬಿಸಿರುವುದರಿಂದ ಈ ನಿತ್ಯಜೀವನದ ಸ್ವರೂಪವನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಸೇವೆಯ ಹಿನ್ನೆಲೆ

ಎರಡನೆಯ ಮಹಾಯುದ್ಧದ ತರುವಾಯ ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ತರುಣರನ್ನು ಸೇವಾರ್ಥವಾಗಿ ಕಳುಹಿಸುವ ಪದ್ಧತಿ ಹಲವೆಡೆ ಮೊದಲಾಯಿತು. ಬ್ರಿಟನ್ನಿನಲ್ಲಿ 1958ರಲ್ಲಿ ಇಂಥದೊಂದು ಸಂಸ್ಥೆ ಹುಟ್ಟಿತು. ಅಮೆರಿಕದಲ್ಲಿ ಅಧ್ಯಕ್ಷ ಕೆನಡಿಯವರು 1961ರ ಮಾರ್ಚ್ 1ರಂದು ಪೀಸ್ ಕೋರ್ ಎಂಬ ಶಾಂತಿದಳವನ್ನು ಸ್ಥಾಪಿಸಿದರು. ಜಪಾನು 1965ರಲ್ಲಿ ಇದೇ ಮಾರ್ಗವನ್ನು ಹಿಡಿಯಿತು. ವಿಶ್ವಸಂಸ್ಥೆಯು 1970ರಲ್ಲಿ ತನ್ನದೇ ಆದ ಸ್ವಯಂಸೇವಕ ಯೋಜನೆಯನ್ನು ಅಂಗೀಕರಿಸಿತು. ಭಾರತವು ಈ ಸೇವೆಯನ್ನು ಪಡೆದುದಷ್ಟೇ ಅಲ್ಲ, 1964ರಲ್ಲಿ ಆರಂಭವಾದ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಯೋಜನೆಯ ಮೂಲಕ ತನ್ನ ತಜ್ಞರನ್ನು ಏಷ್ಯಾ ಮತ್ತು ಆಫ್ರಿಕಾ ಖಂಡಗಳ ದೇಶಗಳಿಗೆ ಕಳುಹಿಸುತ್ತಲೂ ಬಂದಿದೆ.

ಶಾಂತಿದಳದ ಮೊದಲ ತಂಡ ಭಾರತಕ್ಕೆ ಬಂದದ್ದು 1961ರ ಕೊನೆಯಲ್ಲಿ, ಪಂಜಾಬಿಗೆ. 1976ರಲ್ಲಿ ಆ ಕಾರ್ಯವು ನಮ್ಮ ದೇಶದಲ್ಲಿ ಮುಗಿಯುವವರೆಗೆ ನಾಲ್ಕು ಸಾವಿರಕ್ಕೂ ಮಿಕ್ಕಿದ ಸೇವಕರು ಇಲ್ಲಿ ದುಡಿದರು. ಅಂದಿನ ಮೈಸೂರು ರಾಜ್ಯದ ಹಳ್ಳಿಗಳಿಗೂ ಅವರಲ್ಲಿ ಹಲವರು ಬಂದು, ಕನ್ನಡ ಕಲಿತು, ಕೋಳಿಸಾಕಣೆ, ಬೇಸಾಯ, ಪೌಷ್ಟಿಕ ಆಹಾರ, ಆರೋಗ್ಯ ಮೊದಲಾದ ಕಾರ್ಯಗಳಲ್ಲಿ ತೊಡಗಿದರು. ಸೇವೆಯ ಅವಧಿ ಎರಡು ವರ್ಷ. ಊಟ ವಸತಿಗಳಿಗೆ ಸಾಲುವಷ್ಟು ಭತ್ಯೆ. ಅದರ ಹೊರತು ತಿಂಗಳಿಗೆ 75 ಡಾಲರುಗಳನ್ನು ತಾಯ್ನಾಡಿನಲ್ಲಿ ಕೂಡಿಸಿಟ್ಟು ಮರಳಿದ ಮೇಲೆ ಕೊಡುವುದು ಅಂದಿನ ಏರ್ಪಾಡು. ಬಹುಪಾಲು ಸೇವಕರು ಆಗತಾನೆ ಕಾಲೇಜು ಮುಗಿಸಿದ ತರುಣರು. ಆದರೆ ವಯಸ್ಸು ಅಡ್ಡಿಯಾಗಿರಲಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರರ ತಾಯಿ ಲಿಲಿಯನ್ ಕಾರ್ಟರರು 1966ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ದಾದಿಯ ಕೆಲಸಕ್ಕೆ ಮುಂಬಯಿಯ ಬಳಿಯ ವಿಕ್ರೋಳಿಗೆ ಬಂದರು.

ಆದರೆ ಈ ಸಂಘಸಂಸ್ಥೆಗಳೆಲ್ಲ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ನಮ್ಮ ನಾಡಿಗೆ ಬಂದು, ಕಾಲು ಶತಮಾನ ಇಲ್ಲಿಯೇ ದುಡಿದ ಕೆನಡಾ ದೇಶದವರೊಬ್ಬರ ದೃಷ್ಟಾಂತವು ಇವೆಲ್ಲಕ್ಕಿಂತ ಹೆಚ್ಚು ಬೋಧಪ್ರದವಾಗಿದೆ. ಅದನ್ನು ಲೇಖನದ ಕೊನೆಗೆ ಇರಿಸಿಕೊಂಡು, ಮೊದಲು ನಿತ್ಯಜೀವನದ ಅಂಗಗಳನ್ನು ಒಂದೊಂದಾಗಿ ನೋಡಬಹುದು.

ವಸತಿ

ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಊರಿಗೆ 1960ರ ದಶಕದಲ್ಲಿ ಇಪ್ಪತ್ತೆರಡು ವರ್ಷದ ಪರದೇಶಿ ತರುಣನೊಬ್ಬನು ಬಂದಿಳಿದನೆಂದು ಭಾವಿಸೋಣ. ಆಗ ಈ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಭದ್ರಾ ನಾಲೆಯ ನೀರು ತಾಲ್ಲೂಕಿನ ಹೊಲಗಳನ್ನು ಮುಟ್ಟತೊಡಗಿದ್ದ ಕಾಲವದು. ಒಂದೆಡೆ ಸೂಳೆಕೆರೆಯಂಥ ಪುರಾತನ ಕೆರೆಯ ನೀರು, ಇನ್ನೊಂದೆಡೆ ಹೊಸ ನಾಲೆಯ ನೀರು, ನಡುವೆ ಮಳೆಯನ್ನೇ ನಂಬಿದ ಜೋಳ ರಾಗಿಗಳ ಹೊಲ. ಬಂದವನಿಗೆ ಊರಿನವರು ಒಂದು ಕೋಣೆಯನ್ನು ತೆರವು ಮಾಡಿಕೊಟ್ಟಾರು. ಮಣ್ಣಿನ ಗೋಡೆ, ಸಗಣಿಯಿಂದ ಸಾರಿಸಿದ ನೆಲ, ಹೆಂಚಿನ ಮಾಡು, ಮುಂದೆ ಜಗಲಿ.

ಆ ಕೋಣೆಯಲ್ಲಿ ಅವನಿಗೆ ದೊರೆಯದಿರುವುದು ಒಂದೇ: ಏಕಾಂತ. ಅವನ ನಾಡಿನಲ್ಲಿ ಬಾಗಿಲು ಮುಚ್ಚುವುದು ಸಹಜ. ಇಲ್ಲಿ ಹಗಲು ಬಾಗಿಲು ಮುಚ್ಚಿದರೆ ಒಳಗಿರುವವನಿಗೆ ಕಾಯಿಲೆ ಎಂದರ್ಥ, ಇಲ್ಲವೆ ಏನೋ ಮುಚ್ಚಿಡುವುದಿದೆಯೆಂದರ್ಥ. ಮೊದಲ ವಾರ ಕಿಟಕಿಯ ತುಂಬ ಮಕ್ಕಳ ಮುಖಗಳು. ಅವನು ಕ್ಷೌರ ಮಾಡಿಕೊಳ್ಳುವುದನ್ನೂ, ಬಟ್ಟೆ ಒಗೆಯುವುದನ್ನೂ, ಪತ್ರ ಬರೆಯುವುದನ್ನೂ ಊರು ನೋಡುತ್ತದೆ. ಇದು ಕುತೂಹಲ ಮಾತ್ರವಲ್ಲ, ಪರೀಕ್ಷೆಯೂ ಹೌದು. ಮುಂಜಾನೆ ಚೊಂಬು ಹಿಡಿದು ಬಯಲಿಗೆ ಹೋಗುವುದು, ಬಚ್ಚಲಿನಲ್ಲಿ ಹಂಡೆಯ ನೀರನ್ನು ತಂಬಿಗೆಯಿಂದ ಎರೆದುಕೊಳ್ಳುವುದು, ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುವುದು, ಎಡಗೈಯಿಂದ ಏನನ್ನೂ ಕೊಡದಿರುವುದು. ಇವನ್ನೆಲ್ಲ ಅವನಿಗೆ ಯಾವ ತರಬೇತಿ ಶಾಲೆಯೂ ಪೂರ್ತಿಯಾಗಿ ಕಲಿಸಲಾರದು. ಊರಿನ ಹುಡುಗರೇ ಅವನ ಗುರುಗಳು. ಅವನ ತಪ್ಪಿಗೆ ಅವರು ನಗುತ್ತಾರೆ. ಆ ನಗೆಯನ್ನು ಸಹಿಸಿ ತಾನೂ ನಕ್ಕವನು ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ.

ಅನ್ನಪಾನ

ಎರಡನೆಯದು ಅನ್ನದ ವಿಷಯ. ಈ ಭಾಗದ ಊಟವೆಂದರೆ ರಾಗಿಮುದ್ದೆ, ಜೋಳದ ರೊಟ್ಟಿ, ಸಾರು, ಪಲ್ಯ, ಮಜ್ಜಿಗೆ. ಮುದ್ದೆಯನ್ನು ಅಗಿಯದೆ ಮುರಿದು ಅದ್ದಿ ನುಂಗಬೇಕೆಂಬುದು ಹೊಸಬನಿಗೆ ವಿಸ್ಮಯ. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂದರೆ ಬಡಿಸುವ ತಾಯಿಯ ಕಣ್ಣಲ್ಲಿಯೂ ಕನಿಕರ ಬರುತ್ತದೆ. ಮಾರನೆಯ ದಿನದಿಂದ ಅವನಿಗೆಂದು ಬೇರೆ ಸಾರು. ಇಲ್ಲಿಯೇ ಅವನು ಎಚ್ಚರಗೊಳ್ಳಬೇಕು. ಬೇರೆ ಸಾರು ಅತಿಥಿಗೆ. ಎಲ್ಲರ ಸಾರು ನೆರೆಯವನಿಗೆ.

ಬೇಡವೆನ್ನುವುದು ಹೇಗೆಂಬುದೂ ಒಂದು ವಿದ್ಯೆ. ‘ಸಾಕು’ ಎಂದು ಒಮ್ಮೆ ಹೇಳಿದರೆ ಅದು ಸಂಕೋಚವೆಂದು ಭಾವಿಸಿ ಇನ್ನೊಂದು ಸೌಟು ಬೀಳುತ್ತದೆ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಹೊಟ್ಟೆ ತುಂಬಿತೆಂದು ಎರಡು ಮೂರು ಸಲ ಹೇಳಿದರೆ ಮಾತ್ರ ಅದು ನಿಜವಾದ ಸಾಕು. ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆ ಬರುತ್ತದೆ. ತಾಂಬೂಲವನ್ನು ಹಾಕಿಕೊಳ್ಳಲಿ ಬಿಡಲಿ, ಕೈಯೊಡ್ಡಿ ತೆಗೆದುಕೊಳ್ಳುವುದು ಮುಖ್ಯ. ತಟ್ಟೆಯನ್ನು ಹಿಂದಕ್ಕೆ ಸರಿಸಿದರೆ ಮನೆಯನ್ನೇ ಸರಿಸಿದಂತೆ.

ಸಸ್ಯಾಹಾರಿಗಳ ಕೇರಿಯಲ್ಲಿ ಅವನ ವಸತಿಯಿದ್ದು, ಅವನಿಗೆ ವಹಿಸಿದ ಕೆಲಸ ಕೋಳಿಸಾಕಣೆಯಾಗಿದ್ದರೆ ಸಮಸ್ಯೆ ಇನ್ನೂ ಸೂಕ್ಷ್ಮ. ಮೊಟ್ಟೆಯಲ್ಲಿ ಪುಷ್ಟಿಯಿದೆಯೆಂಬುದು ಅವನ ಪುಸ್ತಕದ ಸತ್ಯ. ಮನೆಯ ಅಡುಗೆಯ ಮಡಿ ಆ ಮನೆಯ ಸತ್ಯ. ಗೂಡುಗಳನ್ನು ಬೇಡುವ ಮನೆಗಳಲ್ಲಿ ಮಾತ್ರ ಕಟ್ಟಿಸಿ, ತಾನು ಉಣ್ಣುವ ಮನೆಯಲ್ಲಿ ಆ ಮಾತನ್ನು ಎತ್ತದೆ, ಅಲ್ಲಿ ಕಡಲೆ, ಹೆಸರು, ಸೊಪ್ಪು, ಹಾಲುಗಳ ಪುಷ್ಟಿಯನ್ನು ಹೇಳುವ ವಿವೇಕವುಳ್ಳವನಿಗೆ ಎರಡು ಕೇರಿಗಳಲ್ಲಿಯೂ ಬಾಗಿಲು ತೆರೆದಿರುತ್ತದೆ.

ಮಾತು

ಪರನಾಡಿನ ಸೇವಕನಿಗೆ ಒದಗುವ ತೊಡಕುಗಳಲ್ಲೆಲ್ಲ ಭಾಷೆಯದೇ ದೊಡ್ಡದು. ಕನ್ನಡವನ್ನು ಕಲಿಯಬಂದವನಿಗೆ ಎರಡು ಕನ್ನಡಗಳು ಎದುರಾಗುತ್ತವೆ: ಗ್ರಂಥಸ್ಥ ಕನ್ನಡ ಒಂದು, ಆಡುಮಾತು ಇನ್ನೊಂದು. ‘ನಾನು ನಾಳೆ ಬರುತ್ತೇನೆ’ ಎಂದು ಪುಸ್ತಕದಂತೆ ಹೇಳಿದರೆ ಜನ ನಾಟಕವೆಂದು ನಗುತ್ತಾರೆ. ‘ಬರ್ತೀನಿ’ ಎಂದರೆ ತಲೆಯಾಡಿಸುತ್ತಾರೆ. ಚನ್ನಗಿರಿಯ ಮಾತಿಗೂ ಧಾರವಾಡದ ಮಾತಿಗೂ ಮಂಗಳೂರಿನ ಮಾತಿಗೂ ಇರುವ ಅಂತರ ಬೇರೆ. ಜರ್ಮನಿಯಿಂದ 1853ರಲ್ಲಿ ಬಂದ ಕಿಟ್ಟೆಲರು 1894ರಲ್ಲಿ ತಮ್ಮ ಮಹಾನಿಘಂಟನ್ನು ಪ್ರಕಟಿಸಲು ನಾಲ್ಕು ದಶಕಗಳು ಬೇಕಾದವೆಂಬುದನ್ನು ನೆನೆದರೆ, ಮೂರು ತಿಂಗಳ ತರಬೇತಿಯಲ್ಲಿ ಕನ್ನಡ ಕಲಿತು ಬಂದ ತರುಣನ ಪಾಡನ್ನು ಊಹಿಸಬಹುದು.

ವ್ಯಾಕರಣ ತಪ್ಪಿದರೆ ನಗೆ ಹುಟ್ಟುತ್ತದೆ. ಅಭಿಪ್ರಾಯ ತಪ್ಪಿದರೆ ಕೆಲಸವೇ ಕೆಡುತ್ತದೆ. ಹೊರಡುವಾಗ ನಮ್ಮವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತಾರೆ. ಇದನ್ನರಿಯದವನು ಸಂಜೆಯವರೆಗೆ ಕಾದು ಕುಳಿತಾನು. ‘ಊಟ ಆಯ್ತಾ?’ ಎಂಬುದು ಕುಶಲಪ್ರಶ್ನೆಯೇ ಹೊರತು ಊಟಕ್ಕೆ ಕರೆಯಲ್ಲ. ‘ಆಗಲಿ, ನೋಡೋಣ’ ಎಂಬುದು ಒಪ್ಪಿಗೆಯಲ್ಲ. ನೋಯಿಸದೆ ಹೇಳಿದ ನಿರಾಕರಣೆ. ‘ಆಯ್ತು’ ಎಂಬುದಕ್ಕೆ ನೀನು ಹೇಳಿದ್ದು ಕಿವಿಗೆ ಬಿತ್ತು ಎಂಬಷ್ಟೇ ಅರ್ಥವೂ ಉಂಟು. ಹೊಸ ಬೀಜವನ್ನು ಬಿತ್ತಲು ಹತ್ತು ಜನ ರೈತರು ಒಪ್ಪಿದರೆಂದು ಮೇಲಿನವರಿಗೆ ವರದಿ ಕಳುಹಿಸಿ, ಬಿತ್ತನೆಯ ಕಾಲದಲ್ಲಿ ಒಬ್ಬನೂ ಬಾರದಿದ್ದಾಗ ಜನರನ್ನು ಸುಳ್ಳರೆಂದು ತಿಳಿಯುವ ಸೇವಕನು ಮರೆತಿರುವುದು ಇದನ್ನೇ. ಯಾರೂ ಸುಳ್ಳು ಹೇಳಿಲ್ಲ. ಅತಿಥಿಯ ಮುಖಕ್ಕೆ ‘ಇಲ್ಲ’ ಎನ್ನಬಾರದೆಂಬ ಸೌಜನ್ಯ ತೋರಿದ್ದಾರೆ, ಅಷ್ಟೆ. ‘ನಿನ್ನ ಮಾತು ನಮಗೆ ಹೊಂದೋದಿಲ್ಲ ಕಣಪ್ಪಾ’ ಎಂದು ಹಿರಿಯನೊಬ್ಬ ನೇರವಾಗಿ ಹೇಳಿದ ದಿನ ಆ ತರುಣನು ಕುಗ್ಗಬೇಕಾಗಿಲ್ಲ. ಅಂದು ಅವನು ಅತಿಥಿಯ ಮೆಟ್ಟಿಲನ್ನು ದಾಟಿದ್ದಾನೆ.

‘ಧನ್ಯವಾದ’ ಎಂಬ ಮಾತನ್ನು ಅವನು ಮೊದಲ ದಿನವೇ ಕಲಿತಿರುತ್ತಾನೆ. ಆದರೆ ಅನ್ನ ಬಡಿಸಿದ ತಾಯಿಗೆ ಧನ್ಯವಾದ ಹೇಳಿದರೆ ಆಕೆ ತಬ್ಬಿಬ್ಬಾಗುತ್ತಾಳೆ. ಮನೆಯ ಮಕ್ಕಳು ಅದನ್ನು ಹೇಳುವುದಿಲ್ಲ. ‘ಅಮ್ಮಾ, ಸಾರು ಚೆನ್ನಾಗಿತ್ತು’ ಎಂಬುದೇ ಇಲ್ಲಿನ ಧನ್ಯವಾದ. ಅಜ್ಜ, ಅಣ್ಣ, ಅಕ್ಕ, ಅಮ್ಮ, ಗೌಡ್ರೇ, ಮೇಷ್ಟ್ರೇ ಎಂಬ ಸಂಬೋಧನೆಗಳನ್ನು ಯಾರಿಗೆ ಯಾವುದೆಂದು ಅರಿತು ಬಳಸತೊಡಗಿದಾಗ ಅವನಿಗೂ ಒಂದು ಸಂಬಂಧದ ಹೆಸರು ದೊರೆಯುತ್ತದೆ. ಹೆಂಗಸರ ನಡುವೆ ದುಡಿಯಬಂದ ಸೇವಕಿಯನ್ನು ಊರಿನ ಹುಡುಗಿಯರು ‘ಅಕ್ಕಾ’ ಎಂದು ಕರೆಯತೊಡಗಿದರೆ ಅದೇ ಆಕೆಗೆ ದೊಡ್ಡ ಅಧಿಕಾರಪತ್ರ.

ಕಾಲದ ಲೆಕ್ಕ

ಸೇವಕನ ಗೋಡೆಯ ಮೇಲೆ ಅಚ್ಚಿನ ಪಂಚಾಂಗವಿರುತ್ತದೆ. ರೈತನ ಪಂಚಾಂಗ ಆಕಾಶದಲ್ಲಿರುತ್ತದೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಎಂದು ಸುಮಾರು ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಮಳೆಗಳನ್ನು ಎಣಿಸುವ ನಮ್ಮ ಒಕ್ಕಲಿಗನಿಗೆ ಜೂನ್ ಹತ್ತನೆಯ ತಾರೀಖೆಂದರೆ ಏನೂ ಹೇಳಿದಂತಾಗುವುದಿಲ್ಲ. ಮೃಗಶಿರ ಹೂಡಿತೆಂದರೆ ಎಲ್ಲವೂ ತಿಳಿಯುತ್ತದೆ. ಯಾವ ಮಳೆಗೆ ಯಾವ ಬೀಜವೆಂಬುದು ತಲೆಮಾರುಗಳ ಲೆಕ್ಕ. ಹೊರಗಿನಿಂದ ಬಂದವನು ಈ ಲೆಕ್ಕವನ್ನು ಕಲಿಯದೆ ಸಭೆ ಕರೆದರೆ ಕಟ್ಟೆ ಬರಿದಾಗಿರುತ್ತದೆ.

ದಿನದ ಲೆಕ್ಕವೂ ಬೇರೆಯೇ. ಕಚೇರಿ ತೆರೆಯುವ ಹತ್ತು ಗಂಟೆಗೆ ಊರು ಹೊಲದಲ್ಲಿರುತ್ತದೆ. ಕೊಯ್ಲಿನ ಕಾಲದಲ್ಲಿ ಅಡಿಕೆಯ ಮನೆಗಳಲ್ಲಿ ರಾತ್ರಿಯೆಲ್ಲ ಕೆಲಸ: ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಹಸಿಯಡಿಕೆ ಸುಲಿಯುತ್ತಾರೆ, ಅಂಗಳದಲ್ಲಿ ಹಂಡೆಗಳು ಬೇಯುತ್ತವೆ. ಆರೋಗ್ಯದ ಮಾತೋ ಸಾಕ್ಷರತೆಯ ಮಾತೋ ಆಡಬೇಕಾದವನು ಅಲ್ಲಿಗೆ ಹೋಗಿ, ಒಂದು ಮಣೆ ಎಳೆದುಕೊಂಡು ತಾನೂ ನಾಲ್ಕು ಅಡಿಕೆ ಸುಲಿಯಲು ಕುಳಿತು ಮಾತಾಡಬೇಕು. ಬೆರಳು ಕೊಯ್ದುಕೊಂಡರೂ ಚಿಂತೆಯಿಲ್ಲ. ಆ ಅಂಗಳದಲ್ಲಿ ಒಂದು ರಾತ್ರಿ ಕೇಳಿಬರುವಷ್ಟು ಊರಿನ ಸಮಾಚಾರ ಕಚೇರಿಯ ಕಡತಗಳಲ್ಲಿ ಒಂದು ವರ್ಷ ಹುಡುಕಿದರೂ ಸಿಕ್ಕದು.

ಕೆಲಸ

ಭಾರತ ಸರ್ಕಾರವು 1952ರ ಅಕ್ಟೋಬರ್ 2ರಂದು ಸಮುದಾಯ ವಿಕಾಸ ಯೋಜನೆಯನ್ನು ಆರಂಭಿಸಿದ ಮೇಲೆ ಹಳ್ಳಿಗಳಲ್ಲಿ ಗ್ರಾಮಸೇವಕರ ನೇಮಕವಾಯಿತು. ಹೊರನಾಡಿನಿಂದ ಬಂದವನು ಸಾಮಾನ್ಯವಾಗಿ ಈ ವ್ಯವಸ್ಥೆಯ ಜೊತೆಯಲ್ಲಿಯೇ ದುಡಿಯಬೇಕು. ಸೈಕಲ್ಲಿನಲ್ಲಿ ಊರೂರು ತಿರುಗುವುದು, ಲಸಿಕೆಗೆ ಕಾಯುವುದು, ಗೊಬ್ಬರದ ಚೀಲಕ್ಕೆ ಕಾಯುವುದು, ಅಧಿಕಾರಿಯ ರುಜುವಿಗೆ ಕಾಯುವುದು. ದಿನದ ಬಹುಭಾಗ ಕಾಯುವುದರಲ್ಲಿಯೇ ಕಳೆಯುತ್ತದೆ. ಎರಡು ವರ್ಷಗಳಲ್ಲಿ ಊರನ್ನು ಬದಲಾಯಿಸುವೆನೆಂದು ಬಂದವನಿಗೆ ಈ ಕಾಯುವಿಕೆ ಶಿಕ್ಷೆಯೆನಿಸುತ್ತದೆ. ಕ್ರಮೇಣ ಅವನಿಗೆ ಇನ್ನೊಂದು ಸಂಗತಿ ಹೊಳೆಯುತ್ತದೆ: ರೈತನೂ ಹೀಗೆಯೇ ಕಾಯುತ್ತಾನೆ, ಮಳೆಗೆ, ಸಾಲಕ್ಕೆ, ಬೆಲೆಗೆ, ವ್ಯತ್ಯಾಸವೆಂದರೆ ಅವನಿಗೆ ಮರಳಿ ಹೋಗಲು ಬೇರೊಂದು ದೇಶವಿಲ್ಲ.

ಕೋಳಿಸಾಕಣೆಯನ್ನೇ ನೋಡಬಹುದು. ನಾಟಿ ಕೋಳಿಯು ಅಂಗಳದಲ್ಲಿ ಕೆದಕಿ ತಿಂದು ತಾನೇ ಬದುಕುತ್ತದೆ. ಮೊಟ್ಟೆ ಕಡಿಮೆ, ವೆಚ್ಚ ಇಲ್ಲವೇ ಇಲ್ಲ. ಬಿಳಿಯ ಲೆಗ್‌ಹಾರ್ನ್ ಕೋಳಿಯು ಅದರ ಹಲವು ಪಟ್ಟು ಮೊಟ್ಟೆಯಿಡುತ್ತದೆ. ಆದರೆ ಅದಕ್ಕೆ ಕೊಂಡುತಂದ ಮೇವು ಬೇಕು, ಒಣಗಿದ ಹಾಸಿಗೆ ಬೇಕು, ಕೊಕ್ಕರೆ ರೋಗಕ್ಕೆ ವೇಳೆಗೆ ಸರಿಯಾಗಿ ಲಸಿಕೆ ಬೇಕು, ಮೊಟ್ಟೆಗಳನ್ನು ಪೇಟೆಗೆ ಒಯ್ಯುವವನು ಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಗೂಡು ಬರಿದಾಗುತ್ತದೆ. ಸೇವಕನು ಊರಿನಲ್ಲಿರುವಷ್ಟು ಕಾಲ ಈ ನಾಲ್ಕನ್ನೂ ತನ್ನ ಓಡಾಟದಿಂದಲೇ ಪೂರೈಸುತ್ತಾನೆ. ಅವನು ಹೋದ ಮೇಲೆ ಓಡಾಡುವವರಾರು? ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಿಕೊಳ್ಳದವನ ಯಶಸ್ಸು ಅವನ ಪೆಟ್ಟಿಗೆಯ ಜೊತೆಗೇ ಬಸ್ಸು ಹತ್ತುತ್ತದೆ.

ಹೊರಗಿನವರ ಊಹೆ ಎಲ್ಲಿ ತಪ್ಪುತ್ತದೆಂಬುದಕ್ಕೆ ಮಂಡ್ಯ ಪ್ರದೇಶದಿಂದ ಒಂದು ಪ್ರಸಿದ್ಧ ನಿದರ್ಶನವಿದೆ. ವಿಯೆನ್ನಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ವಿದುಷಿ ಸ್ಕಾರ್ಲೆಟ್ ಎಪ್‌ಸ್ಟೈನರು 1954ರಲ್ಲಿ ಬಂದು ಅಲ್ಲಿನ ಎರಡು ಹಳ್ಳಿಗಳಲ್ಲಿ ವಾಸವಾಗಿದ್ದು ಜನಜೀವನವನ್ನು ಅಭ್ಯಾಸಮಾಡಿದರು. 1962ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಒಂದು ಹಳ್ಳಿಗೆ ನಾಲೆಯ ನೀರು ಬಂದಿತ್ತು; ಇನ್ನೊಂದರ ಹೊಲಗಳು ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿದಿದ್ದವು. ನೀರು ಬಂದ ಹಳ್ಳಿಯೇ ಹೆಚ್ಚು ಬದಲಾಗಿರಬೇಕೆಂಬುದು ಯಾರಾದರೂ ಮಾಡುವ ಊಹೆ. ಆದರೆ ನೀರು ಬಂದ ಹಳ್ಳಿ ಕಬ್ಬು ಬೆಳೆದು ಶ್ರೀಮಂತವಾದರೂ ತನ್ನ ಹಳೆಯ ಕಟ್ಟುಕಟ್ಟಳೆಗಳಲ್ಲಿ ಬಹುಮಟ್ಟಿಗೆ ಹಾಗೆಯೇ ನಿಂತಿತು. ಒಣ ಹಳ್ಳಿಯ ಜನ ವ್ಯಾಪಾರ, ನೌಕರಿ, ಗಾಡಿ ಬಾಡಿಗೆ ಎಂದು ಹೊರಗೆ ಹರಡಿಕೊಂಡು, ಅವರಲ್ಲಿಯೇ ಸಾಮಾಜಿಕ ಬದಲಾವಣೆ ಹೆಚ್ಚಾಯಿತು. ಇದು ಆಯಾ ಮನೆಗಳ ಜಗಲಿಯ ಮೇಲೆ ದಿನಗಟ್ಟಲೆ ಕುಳಿತವರಿಗೆ ಕಾಣುವ ಸತ್ಯ. ಜೀಪಿನಲ್ಲಿ ಬಂದು ಹೋಗುವವರಿಗೆ ಕಾಣುವುದಿಲ್ಲ.

ಕಾಯಿಲೆ ಮತ್ತು ಒಂಟಿತನ

ನೀರನ್ನು ಕುದಿಸಿ ಆರಿಸಿ ಕುಡಿಯುವುದು, ವಾರಕ್ಕೊಮ್ಮೆ ಮಲೇರಿಯಾ ಮಾತ್ರೆ ನುಂಗುವುದು ಅವನ ನಿಯಮಗಳಾಗಿರುತ್ತವೆ. ಆದರೆ ಹತ್ತು ಮನೆಗಳಲ್ಲಿ ಕೊಟ್ಟ ಮಜ್ಜಿಗೆಯನ್ನು ಬೇಡವೆನ್ನಲಾಗುವುದಿಲ್ಲ, ಹೊಟ್ಟೆನೋವು ತಪ್ಪುವುದಿಲ್ಲ. ಜ್ವರ ಬಂದು ಮಲಗಿದ ದಿನ ಅವನಿಗೆ ಊರಿನ ಇನ್ನೊಂದು ಮುಖ ಕಾಣುತ್ತದೆ. ಒಬ್ಬಳು ಗಂಜಿ ತರುತ್ತಾಳೆ, ಒಬ್ಬ ಕಷಾಯ ತರುತ್ತಾನೆ, ಹತ್ತು ಜನ ಸುತ್ತ ಕುಳಿತು ಹತ್ತು ಔಷಧ ಹೇಳುತ್ತಾರೆ. ರೋಗಿಯನ್ನು ಒಂಟಿಯಾಗಿ ಬಿಡುವುದು ಅವನ ನಾಡಿನಲ್ಲಿ ದಯೆ; ಒಂಟಿಯಾಗಿ ಬಿಡದಿರುವುದು ಇಲ್ಲಿನ ದಯೆ.

ಒಂಟಿತನಕ್ಕೆ ಮಾತ್ರ ಮದ್ದಿಲ್ಲ. ಜನರ ನಡುವೆ ಇದ್ದೂ ತನ್ನ ಭಾಷೆಯಲ್ಲಿ ಒಂದು ಮಾತನಾಡಲು ಯಾರೂ ಇಲ್ಲದ ಒಂಟಿತನವದು. ತಾಯಿಯ ಪತ್ರ ಸಮುದ್ರ ದಾಟಿ ಬರಲು ವಾರಗಳು ಬೇಕಾಗಿದ್ದ ಕಾಲದಲ್ಲಿ ಅಂಚೆಯಣ್ಣನೇ ಅವನಿಗೆ ಆಪ್ತಬಂಧು. ‘ಅಪ್ಪ ಅಮ್ಮನ್ನ ಬಿಟ್ಟು ಇಷ್ಟು ದೂರ ಯಾಕಪ್ಪಾ ಬಂದೆ?’ ಎಂದು ಊರಿನ ಅಜ್ಜಿ ಕೇಳುವ ಪ್ರಶ್ನೆಗೆ ಅವನಲ್ಲಿ ಉತ್ತರವಿರುವುದಿಲ್ಲ. ಅಭಿವೃದ್ಧಿಯೆಂಬ ಶಬ್ದವನ್ನು ಆಕೆಯ ಮುಂದೆ ಉಚ್ಚರಿಸಲು ಅವನಿಗೆ ನಾಚಿಕೆಯಾದರೆ ಅದು ಒಳ್ಳೆಯ ಲಕ್ಷಣ.

ನಮ್ಮವರು ಹೊರನಾಡಿನಲ್ಲಿ

ಈವರೆಗೆ ಹೇಳಿದ್ದನ್ನು ಕನ್ನಡಿಯಲ್ಲಿ ತಿರುಗಿಸಿ ನೋಡಿದರೆ ನಮ್ಮವರ ಪಾಡು ಕಾಣುತ್ತದೆ. ಚಕ್ರವರ್ತಿ ಹೈಲೆ ಸಲಾಸಿಯವರ ಕಾಲದಲ್ಲಿ, ಎಂದರೆ 1974ಕ್ಕೆ ಮೊದಲು, ಇಥಿಯೋಪಿಯದ ದೂರದ ಊರುಗಳ ಶಾಲೆಗಳಲ್ಲಿ ಭಾರತೀಯ ಉಪಾಧ್ಯಾಯರು ಬಹುಸಂಖ್ಯೆಯಲ್ಲಿ ದುಡಿದರು. ಅಲ್ಲಿ ಇಳಿದವನಿಗೆ ಮೊದಲು ಕೆಡುವುದು ಗಡಿಯಾರ. ಅಲ್ಲಿನ ಜನ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ವರ್ಷಕ್ಕೆ ಹದಿಮೂರು ತಿಂಗಳು: ಮೂವತ್ತು ದಿನಗಳ ಹನ್ನೆರಡು, ಐದು ಅಥವಾ ಆರು ದಿನಗಳ ಒಂದು. ಹೊಸ ವರ್ಷ ಸೆಪ್ಟೆಂಬರಿನಲ್ಲಿ. ಮಳೆನಕ್ಷತ್ರಗಳ ಲೆಕ್ಕವನ್ನು ಅಜ್ಜನಿಂದ ಕಲಿತ ನಮ್ಮವನು ಇದಕ್ಕೆ ಬೆರಗಾಗಬೇಕಾದುದಿಲ್ಲ. ಅಮ್ಹಾರಿಕ್ ಲಿಪಿಯಲ್ಲಿ ಪ್ರತಿ ವ್ಯಂಜನವೂ ಸ್ವರಕ್ಕೆ ತಕ್ಕಂತೆ ಏಳು ರೂಪಗಳನ್ನು ತಾಳುತ್ತದೆ. ಕಾಗುಣಿತ ಬಲ್ಲ ಕನ್ನಡಿಗನಿಗೆ ಆ ಕ್ರಮ ಬೇಗನೆ ಕೈವಶವಾಗುತ್ತದೆ.

ಅನ್ನದ ವಿಷಯದಲ್ಲಿಯೂ ಹಾಗೆಯೇ. ಟೆಫ್ ಎಂಬ ಕಿರುಧಾನ್ಯದ ಹುಳಿಹಿಟ್ಟಿನಿಂದ ಮಾಡುವ ಇಂಜೆರಾ ನೋಡಲು ದೊಡ್ಡ ದೋಸೆಯಂತಿರುತ್ತದೆ. ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುವುದು ಅಲ್ಲಿನ ಪದ್ಧತಿ. ಗೌರವಕ್ಕಾಗಿ ಮನೆಯವರು ತಮ್ಮ ಕೈಯಾರೆ ಅತಿಥಿಯ ಬಾಯಿಗೆ ತುತ್ತಿಡುತ್ತಾರೆ. ಎಂಜಲಿನ ಎಚ್ಚರದಲ್ಲಿ ಬೆಳೆದ ನಮ್ಮವನು ಆ ತುತ್ತಿಗೆ ಬಾಯಿ ತೆರೆಯುವನೋ ಇಲ್ಲವೋ ಎಂಬುದು ಅವನ ಪರೀಕ್ಷೆ. ಮುದ್ದೆ ನುಂಗಲು ಒದ್ದಾಡಿದ ಬಿಳಿಯ ತರುಣನನ್ನು ಕಂಡು ನಕ್ಕ ಊರಿನ ಹುಡುಗನಿಗೆ ಅಲ್ಲಿ ನಗುವ ಸರದಿ ಇನ್ನೊಬ್ಬರದು. ಅಲ್ಲಿನ ಕ್ರೈಸ್ತರು ಬುಧವಾರ ಶುಕ್ರವಾರಗಳಂದೂ ದೀರ್ಘವಾದ ಉಪವಾಸದ ಕಾಲಗಳಲ್ಲಿಯೂ ಮಾಂಸ ಹಾಲು ಮೊಟ್ಟೆಗಳನ್ನು ಬಿಟ್ಟು ಬೇಳೆ ಕಡಲೆಗಳ ಊಟ ಮಾಡುವುದರಿಂದ ಶಾಕಾಹಾರಿಯಾದವನಿಗೆ ಉಪವಾಸದ ದಿನವೇ ಹಬ್ಬ. ಕಾಫಿಯನ್ನು ಅತಿಥಿಯ ಎದುರಿನಲ್ಲಿಯೇ ಹುರಿದು ಕುಟ್ಟಿ ಮೂರು ಸುತ್ತು ಕೊಡುವ ಉಪಚಾರವೂ ಅಲ್ಲಿಯದು. ಕಾಫಿಯ ತವರೂ ಅದೇ ದೇಶ.

ರಾಗಿಯ ಕಥೆ ಇನ್ನೂ ಸ್ವಾರಸ್ಯ. ನಮ್ಮ ಪ್ರಾಣಧಾನ್ಯವಾದ ರಾಗಿಯು ಪೂರ್ವ ಆಫ್ರಿಕದ ಎತ್ತರದ ನೆಲಗಳಲ್ಲಿ ಹುಟ್ಟಿ ಪ್ರಾಚೀನ ಕಾಲದಲ್ಲಿಯೇ ಇಲ್ಲಿಗೆ ಬಂದದ್ದೆಂದು ಸಸ್ಯಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಉಗಾಂಡ, ಕೀನ್ಯಾ, ಇಥಿಯೋಪಿಯಗಳಲ್ಲಿ ಇಂದಿಗೂ ಅದನ್ನು ಬೆಳೆದು ಉಣ್ಣುತ್ತಾರೆ. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕೃಷಿಕ್ಷೇತ್ರದಲ್ಲಿ ವಿಜ್ಞಾನಿ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಅಧಿಕ ಇಳುವರಿಯ ತಳಿಗಳನ್ನು ಪಡೆದರು. ಇಂಡಿಯಾ, ಆಫ್ರಿಕಾ ಎಂಬ ಎರಡು ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ಅವುಗಳಿಗೆ ‘ಇಂಡಾಫ್’ ಎಂದು ಹೆಸರಾಯಿತು. ಆಫ್ರಿಕಕ್ಕೆ ಕಲಿಸಲು ಹೋಗುವ ಕನ್ನಡಿಗನು ತನ್ನ ತಟ್ಟೆಯ ಮುದ್ದೆಯ ಮಟ್ಟಿಗೆ ಆ ನೆಲಕ್ಕೆ ಋಣಿಯೆಂಬುದನ್ನು ನೆನೆದು ಹೋದರೆ ಅವನ ನಡಿಗೆ ಸ್ವಲ್ಪ ಬಾಗಿರುತ್ತದೆ. ಅದೇ ಒಳ್ಳೆಯ ನಡಿಗೆ.

ಉಳಿಯುವುದೇನು?

ಈಗ ಮೊದಲು ಸೂಚಿಸಿದ ದೃಷ್ಟಾಂತಕ್ಕೆ ಬರಬಹುದು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 1878ರಲ್ಲಿ ಜನಿಸಿದ ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಆಗ ಮಲೆನಾಡಿನ ಅಡಿಕೆ ತೋಟಗಳನ್ನು ಕೊಳೆರೋಗವು ಹಾಳುಮಾಡುತ್ತಿತ್ತು. ನಲ್ಲೂರಿನ ಸೀಮೆ ಅರೆಮಲೆನಾಡು. ಇಲ್ಲಿಂದ ಪಶ್ಚಿಮಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರಗಳ ಕಡೆಗೆ ಸರಿದಂತೆ ಮಳೆ ಏರುತ್ತದೆ, ಮಳೆಯೊಡನೆ ಕೊಳೆರೋಗವೂ ಏರುತ್ತದೆ. ಎಡೆಬಿಡದೆ ಮಳೆ ಹಿಡಿದ ಆಷಾಢ ಶ್ರಾವಣಗಳಲ್ಲಿ ಎಳೆಯ ಕಾಯಿಗಳು ಕೊಳೆತು ಬುಡದಲ್ಲಿ ಉದುರಿ ಬೀಳುತ್ತವೆ. ವರ್ಷದ ಅನ್ನ ಕೆಲವೇ ವಾರಗಳಲ್ಲಿ ಮಣ್ಣುಪಾಲು. ತೋಟಿಗರು ಹಿಂದಿನಿಂದಲೂ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಉಪಾಯ ಸರಿಯಾದದ್ದೇ, ಆದರೆ ಮರಮರಕ್ಕೆ ಹತ್ತಿ ಗೊನೆಗೊನೆಗೆ ಕಟ್ಟುವ ಶ್ರಮ ವಿಪರೀತ.

ಕೋಲ್ಮನ್ನರು ರೋಗದ ಮೂಲವು ಒಂದು ಸೂಕ್ಷ್ಮ ಶಿಲೀಂಧ್ರವೆಂದು ಗುರುತಿಸಿ 1910ರಲ್ಲಿ ಅದನ್ನು ವರ್ಣಿಸಿದರು. ಫ್ರಾನ್ಸಿನ ಬೋರ್ಡೊ ಪ್ರದೇಶದಲ್ಲಿ 1880ರ ದಶಕದಲ್ಲಿ ದ್ರಾಕ್ಷಿಯ ರೋಗಕ್ಕೆಂದು ಬಳಕೆಗೆ ಬಂದಿದ್ದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅಡಿಕೆಯ ಗೊನೆಗಳಿಗೆ ಸಿಂಪಡಿಸುವ ವಿಧಾನವನ್ನು ಅವರು ಬಳಕೆಗೆ ತಂದರು. ನೂರು ಲೀಟರು ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂಬುದು ಇಂದು ರೂಢಿಯಲ್ಲಿರುವ ಪ್ರಮಾಣ. ಎರಡನ್ನೂ ಬೇರೆ ಬೇರೆಯಾಗಿ ಕದಡಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿ ಹೊಳಪಿಸಿದ ಕುಡುಗೋಲನ್ನು ದ್ರಾವಣದಲ್ಲಿ ಅದ್ದಿ ನೋಡಿದಾಗ ಅದಕ್ಕೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಂದು ಸಲ.

ಈ ವಿಧಾನದಲ್ಲಿ ಗಮನಿಸತಕ್ಕ ಅಂಶಗಳು ಮೂರು. ಸುಣ್ಣವೂ ಮೈಲುತುತ್ತವೂ ಸಂತೆಯಲ್ಲಿ ಅಗ್ಗವಾಗಿ ದೊರೆಯುವ ವಸ್ತುಗಳು. ಮರ ಹತ್ತುವ ಕೊನೆಗಾರನು ಊರಿನಲ್ಲಿಯೇ ಇದ್ದನು. ಅವನ ಕೈಗೆ ಕೊಟ್ಟೆಯ ಬದಲು ಸಿಂಪರಣೆಯ ಕೊಳವೆ ಬಂತು, ಅಷ್ಟೆ. ಪರೀಕ್ಷೆಗೆ ರೈತನ ಕುಡುಗೋಲೇ ಸಾಧನ. ಹೊರಗಿನಿಂದ ಬಂದದ್ದು ಒಂದು ತಿಳಿವಳಿಕೆ ಮಾತ್ರ, ಉಳಿದುದೆಲ್ಲ ಊರಿನದು. ಲೆಗ್‌ಹಾರ್ನ್ ಕೋಳಿಯ ಗೂಡಿಗೆ ಇಲ್ಲದಿದ್ದದ್ದು ಇದಕ್ಕಿತ್ತು: ಕಲಿಸಿದವನು ಇಲ್ಲದಿದ್ದರೂ ನಡೆಯುವ ಶಕ್ತಿ.

ಕೋಲ್ಮನ್ನರು 1913ರಲ್ಲಿ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದ ಕೃಷಿಶಾಲೆ ಆರಂಭವಾಯಿತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ, ಮುಂದೆ ಇಂಡಾಫ್ ರಾಗಿ ಹುಟ್ಟಿದ ಮಂಡ್ಯದ ಕೃಷಿಕ್ಷೇತ್ರವೂ ಅವರ ಕಾಲದಲ್ಲಿ ಬೆಳೆದವು. 1934ರವರೆಗೆ ಇಲ್ಲಿದ್ದು ತಾಯ್ನಾಡಿಗೆ ಮರಳಿದ ಅವರು 1954ರಲ್ಲಿ ತೀರಿಕೊಂಡರು. ಅವರ ಕಾಲು ಶತಮಾನಕ್ಕೂ ಇತರರ ಎರಡು ವರ್ಷಗಳಿಗೂ ಹೋಲಿಕೆ ಸಲ್ಲದೆಂದು ಹೇಳಬಹುದು. ನಿಜ. ಆದರೆ ಎರಡೇ ವರ್ಷವಿರುವವನಿಗೂ ಆಯ್ಕೆಯೊಂದುಂಟು: ತಾನು ಇರುವಷ್ಟು ದಿನ ಬೆಳಗುವ ಕೆಲಸವನ್ನು ಹಿಡಿಯುವುದು, ಅಥವಾ ತಾನು ಹೋದ ಮೇಲೂ ಊರಿನ ಕೈಯಲ್ಲಿ ನಡೆಯುವ ಚಿಕ್ಕ ಕೆಲಸವನ್ನು ಹುಡುಕುವುದು. ಎರಡನೆಯದು ಯಾವುದೆಂಬುದು ಯೋಜನೆಯ ಪುಸ್ತಕದಲ್ಲಿ ಬರೆದಿರುವುದಿಲ್ಲ. ಊರಿನ ಸಂತೆಯಲ್ಲಿ ಏನು ಸಿಕ್ಕುತ್ತದೆ, ಊರಿನ ಕೈಗಳಿಗೆ ಏನು ಬರುತ್ತದೆ, ಯಾವ ಮಳೆಗೆ ಯಾರಿಗೆ ಬಿಡುವಿರುತ್ತದೆ ಎಂಬುದನ್ನು ಉಂಡು, ಕೂತು, ಕೇಳಿ ತಿಳಿದವನಿಗೆ ಮಾತ್ರ ಅದು ಹೊಳೆಯುತ್ತದೆ. ಆದಕಾರಣ ಅವನ ನಿತ್ಯಜೀವನವು ಕೆಲಸದ ನಡುವಣ ವಿರಾಮವಲ್ಲ. ಅದೇ ಅವನ ಕೆಲಸದ ಪೂರ್ವಾರ್ಧ.

ವಿದ್ಯಾಲಯಗಳಿಂದ ಹೊರಟ ನಮ್ಮ ಮಕ್ಕಳು ಇಂದು ನಾನಾ ದೇಶಗಳಲ್ಲಿ ದುಡಿಯುತ್ತಿದ್ದಾರೆ, ಮುಂದೆಯೂ ಹೋಗುವವರಿದ್ದಾರೆ. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯಲ್ಲಿ ದೇಶವು ಕೋಶಕ್ಕಿಂತ ಮೊದಲು ಬಂದಿರುವುದನ್ನು ಉಪಾಧ್ಯಾಯರು ಗಮನಿಸಬೇಕು. ಪರೀಕ್ಷೆಯ ಅಂಕಗಳೊಡನೆ ಇನ್ನೊಬ್ಬರ ಮನೆಯ ತಟ್ಟೆಯ ಮುಂದೆ ಕುಳಿತುಕೊಳ್ಳುವ ವಿನಯವನ್ನೂ, ‘ನೋಡೋಣ’ ಎಂಬ ಮಾತಿನ ಒಳಗನ್ನು ಕೇಳುವ ಕಿವಿಯನ್ನೂ ಹುಡುಗರಿಗೆ ಕಲಿಸಿ ಕಳುಹಿಸಿದರೆ ಅವರು ಯಾವ ನಾಡಿನಲ್ಲಿಯೂ ಪರದೇಶಿಗಳಾಗಿ ಉಳಿಯುವುದಿಲ್ಲ.

ಇಂದಿಗೂ ಮಳೆ ಹಿಡಿಯುವ ಮೊದಲು ಮಲೆನಾಡಿನ ತೋಟಗಳಲ್ಲಿ ಸುಣ್ಣ ಮೈಲುತುತ್ತಗಳನ್ನು ಕದಡುತ್ತಾರೆ. ‘ಔಷಧಿ ಹೊಡೆಯುವುದು’ ಎಂದಷ್ಟೇ ಅದಕ್ಕೆ ಹೆಸರು. ಹೊಡೆಯುವವರಲ್ಲಿ ಬಹುಮಂದಿ ಕೋಲ್ಮನ್ನರ ಹೆಸರನ್ನು ಕೇಳಿದವರಲ್ಲ; ಅಜ್ಜನ ಕಾಲದಿಂದ ಬಂದ ಪದ್ಧತಿಯೆಂದು ಹೇಳುತ್ತಾರೆ. ಪರನಾಡಿನಿಂದ ಬಂದು ಗ್ರಾಮಸೇವೆ ಮಾಡಿದವನೊಬ್ಬನಿಗೆ ಇದಕ್ಕಿಂತ ಹೆಚ್ಚಿನ ಸನ್ಮಾನ ಬೇರೊಂದಿರಲಾರದು.